ಕಾಲು ಸುಡುವುದೂ ಒಂದು ಭಾಗ್ಯ!



ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಗೆ ಮಹಾಲಕ್ಷ್ಮಿಯ ದರ್ಶನಕ್ಕೆಂದು ಶುಕ್ರವಾರ ಹೋಗಿಬರುವವರು ನಿಮ್ಮಲ್ಲಿ ಅನೇಕರಿರಬಹುದು. ಬೇಸಗೆಯ ಮಧ್ಯಾಹ್ನ ಚಪ್ಪಲಿ ಬಿಟ್ಟು ಕಾದ ನೆಲಕ್ಕೆ ಕಾಲಿಟ್ಟರೆ ‘ಅಬ್ಬಾ!’ ಎಂದು ನೆರಳಿಗೆ ಓಡುತ್ತೇವೆ. ಸುಟ್ಟಿತೆಂದು ಗೊಣಗುತ್ತೇವೆಯೇ ಹೊರತು, ಆ ಉರಿಯೇ ನಮ್ಮ ಕಾವಲುಗಾರನೆಂದು ಯೋಚಿಸುವುದಿಲ್ಲ.

ನಮ್ಮ ಚರ್ಮದಲ್ಲಿ ನರಗಳ ಸಣ್ಣ ಸಣ್ಣ ತುದಿಗಳಿವೆ. ಒತ್ತಡಕ್ಕೆ ಕೆಲವು, ತಂಪಿಗೆ ಕೆಲವು, ಬಿಸಿಗೆ ಕೆಲವು. ಬಿಸಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಒಂದು ಬಗೆಯ ತುದಿ ಎಚ್ಚೆತ್ತು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತದೆ. ‘ಸುಡ್ತು’ ಎಂದು ಮಿದುಳಿಗೆ ತಿಳಿಯುವ ಮೊದಲೇ ಕಾಲು ಹಿಂದಕ್ಕೆ ಬಂದಿರುತ್ತದೆ! ಮೆಣಸಿನಕಾಯಿಯ ಖಾರ ಕೆಣಕುವುದೂ ಇದೇ ತುದಿಯನ್ನು. ಅದಕ್ಕೇ ಹಸಿಮೆಣಸಿನಕಾಯಿ ಹೆಚ್ಚಿದ ಕೈ ಬೆಂಕಿ ತಾಕದೆಯೂ ಉರಿಯುವುದು. (ಬರೀ ನೀರಿಗೆ ಅದು ಹೋಗದು, ಎಣ್ಣೆ ಸವರಿ, ಸೋಪು ಹಾಕಿ ತೊಳೆಯಿರಿ.) ಈ ಗುಟ್ಟನ್ನು 1997ರಲ್ಲಿ ಬಯಲಿಗೆ ತಂದ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು.

ಆದರೆ ಕಾವಲುಗಾರನೇ ನಿದ್ದೆ ಹೋದರೆ? ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಹತೋಟಿ ತಪ್ಪಿದರೆ ನರಗಳು ಕೆಡುತ್ತವೆ. ಉದ್ದನೆಯ ನರಗಳಿಗೇ ಮೊದಲ ಪೆಟ್ಟು. ಆದ್ದರಿಂದ ಪಾದಗಳಿಂದಲೇ ಶುರು. ಮೊದಮೊದಲು ಜೋಮು, ರಾತ್ರಿ ಹೊತ್ತು ಉರಿ, ಹತ್ತಿಯ ಮೇಲೆ ನಡೆದ ಹಾಗೆ. ಬರುಬರುತ್ತಾ ಏನೂ ಗೊತ್ತಾಗದು. ‘ನಮ್ಮತ್ತೆಗೆ ಕಾಲುರಿ ನಿಂತೇಹೋಯ್ತು’ ಎಂದು ಹಿಗ್ಗುವ ಸೊಸೆಯಂದಿರೇ, ಸ್ವಲ್ಪ ತಾಳಿ! ಸ್ಪರ್ಶವೇ ಹೋಗಿರಬಹುದು. ಅಂಥವರು ಕಾದ ನೆಲದ ಮೇಲೆ ನಿಶ್ಚಿಂತೆಯಿಂದ ಪ್ರದಕ್ಷಿಣೆ ಮುಗಿಸುತ್ತಾರೆ; ಬೊಬ್ಬೆ ಎದ್ದದ್ದು ಮನೆಗೆ ಬಂದ ಮೇಲೆ ಕಾಣುತ್ತದೆ. ಗಾಯ ಮಾಯದೆ ಕೀವಾಗಿ, ಬೆರಳನ್ನೋ ಪಾದವನ್ನೋ ತೆಗೆಯಬೇಕಾದ ಪ್ರಸಂಗಗಳೂ ಉಂಟು.

ಹಾಗಾದರೆ ಮಾಡಬೇಕಾದದ್ದೇನು? ಪ್ರತಿ ರಾತ್ರಿ ಅಂಗಾಲು, ಬೆರಳ ಸಂದು ನೋಡಿಕೊಳ್ಳಲಿ. ಬಗ್ಗಲಾಗದಿದ್ದರೆ ಮೊಮ್ಮಕ್ಕಳು ನೋಡಲಿ. ಸ್ನಾನದ ನೀರಿನ ಬಿಸಿಯನ್ನು ಮನೆಯ ಬೇರೆಯವರು ಕೈಯಿಟ್ಟು ನೋಡಲಿ. ಪಾದಕ್ಕೆ ಬಿಸಿನೀರಿನ ಚೀಲದ ಶಾಖ ಬೇಡವೇ ಬೇಡ. ಚಪ್ಪಲಿಯನ್ನು ಕೊಡವಿ ಮೆಟ್ಟಲಿ. ದೇವಸ್ಥಾನಕ್ಕೆ ಬಿಸಿಲೇರುವ ಮುಂಚೆಯೇ ಹೊರಡಿ, ದಪ್ಪನೆಯ ಹತ್ತಿ ಕಾಲುಚೀಲ ಹಾಕಿಸಿ. ವರ್ಷಕ್ಕೊಮ್ಮೆಯಾದರೂ ವೈದ್ಯರಲ್ಲಿ ಪಾದ ತೋರಿಸಿ. ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ, ತಿಳಿಯುತ್ತದೆಯೇ ಎಂದು ಕೇಳುತ್ತಾರೆ, ಅಷ್ಟೆ. ನೋವಿಲ್ಲ, ಕೆಲವೇ ನಿಮಿಷದ ಕೆಲಸ.

‘ನಂಗೇನೂ ನೋವಿಲ್ಲ ಕಣಮ್ಮ’ ಎಂದು ಅತ್ತೆಯವರು ಅಂದರೂ ಸರಿ, ಇವತ್ತು ರಾತ್ರಿ ಒಮ್ಮೆ ದೀಪದ ಬೆಳಕಿನಲ್ಲಿ ಅವರ ಪಾದ ನೋಡಿಬಿಡಿ.