ಹೊಸೂರಿನ ಗಾಜಿನ ಕಟ್ಟಡ, ರಾಯಕೋಟೆಯ ಟೊಮೇಟೊ ಹೊಲ

ರಾಯಕೋಟೆಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಹೊಸೂರು 2019ರಲ್ಲಿ ಮಹಾನಗರ ಪಾಲಿಕೆಯಾಯಿತು. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಸುತ್ತ, ಬೆಂಗಳೂರು ರಸ್ತೆಯ ಆಚೀಚೆ ಅಪಾರ್ಟ್‌ಮೆಂಟು, ಆಫೀಸು, ಆಸ್ಪತ್ರೆಗಳು ಏಳುತ್ತಲೇ ಇವೆ. ಅಲ್ಲಿ ಗಾರೆ ಕೆಲಸಕ್ಕೆ, ಕಾವಲಿಗೆ ಹೋಗುವವರು ನಮ್ಮವರು. ಜಲ್ಲಿಗಾಗಿ ಒಡೆಯುತ್ತಿರುವುದು ನಮ್ಮ ಜಿಲ್ಲೆಯ ಗುಡ್ಡಗಳನ್ನು. ಕಟ್ಟಡ ಬೇಡವೆಂದು ನಾವು ಹೇಳುತ್ತಿಲ್ಲ. ಹೇಗೆ ಕಟ್ಟುತ್ತೀರಿ ಎಂದು ಕೇಳೋಣ ಬನ್ನಿ.

ಹೊಸೂರು ಸುಮಾರು 900 ಮೀಟರ್ ಎತ್ತರದಲ್ಲಿರುವ ತಂಪು ಊರು. ಇಂಥ ಊರಿನಲ್ಲಿ ಪಡುವಣ ಬಿಸಿಲಿಗೆ ಎದುರಾಗಿ ಗಾಜು ನಿಲ್ಲಿಸಿ, ತೆರೆಯುವ ಕಿಟಕಿಯೇ ಇಲ್ಲದಂತೆ ಮುಚ್ಚಿ, ದಿನವಿಡೀ ಏಸಿ ಓಡಿಸುವುದು ಅನ್ಯಾಯ. ಆ ಕರೆಂಟಿನ ದೊಡ್ಡ ಪಾಲು ಇಂದಿಗೂ ಕಲ್ಲಿದ್ದಲಿನದು. ಮೆಟ್ಟೂರಿನ 1,440 ಮೆಗಾವಾಟ್ ಸ್ಥಾವರ ನಮಗೆ ಬಲು ದೂರವೇನಲ್ಲ. ದೇಶದ ಲೆಕ್ಕದಲ್ಲಿ ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಸಿಮೆಂಟಿನದು ಇದರ ಮೇಲೆ: ಸುಣ್ಣದ ಕಲ್ಲನ್ನು ಸುಡುವಾಗ ಆ ಕಲ್ಲಿನೊಳಗಿಂದಲೇ ಅದೇ ಅನಿಲ ಹೊರಬರುತ್ತದೆ.

ಈ ಅನಿಲ ಹೆಚ್ಚಿ ಬಿಸಿ ಏರಿದರೆ ಪೆಟ್ಟು ಬೀಳುವುದು ನಮ್ಮ ಮಂಡಿಗೆ ಟೊಮೇಟೊ ತರುವ ರೈತರಿಗೆ. ಹಗಲ ಬಿಸಿ 35 ಡಿಗ್ರಿ ದಾಟಿ ದಿನಗಟ್ಟಲೆ ನಿಂತರೆ ಹೂವು ಕಾಯಿಕಟ್ಟದೆ ಉದುರುತ್ತದೆ. ಏಸಿ ಕೋಣೆಯಲ್ಲಿ ಕುಳಿತವರಿಗೆ ಇದು ಕಾಣುವುದಿಲ್ಲ. ನಾವೇ ಹೇಳಬೇಕು.

ಉಪಾಯಗಳು ಹೊಸವಲ್ಲ. ಕಿಟಕಿಗೆ ಅಗಲವಾದ ಸಜ್ಜಾ, ತಾರಸಿಗೆ ಬಿಳಿ ಬಣ್ಣ, ಅದರ ಮೇಲೆ ಸೋಲಾರ್. ಏಸಿ 24 ಡಿಗ್ರಿಯಲ್ಲಿರಲಿ. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ನೂರಕ್ಕೆ 6ರಷ್ಟು ಕರೆಂಟು ಉಳಿಯುತ್ತದೆ. ಸುಡದ ಮಣ್ಣಿನ ಇಟ್ಟಿಗೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1970ರ ದಶಕದಿಂದಲೇ ಪರೀಕ್ಷಿಸಿ, ಮನೆ ಕಟ್ಟಿಸಿ ತೋರಿಸಿದ್ದಾರೆ. ದೊಡ್ಡ ವಾಣಿಜ್ಯ ಕಟ್ಟಡಗಳಿಗಾಗಿ ಕೇಂದ್ರ ಸರ್ಕಾರ 2007ರಲ್ಲೇ ಇಂಧನ ಉಳಿತಾಯ ಕಟ್ಟಡ ಸಂಹಿತೆ ತಂದು, 2017ರಲ್ಲಿ ಪರಿಷ್ಕರಿಸಿದೆ. ಪುಸ್ತಕದಲ್ಲಿರುವ ನಿಯಮ ಗೋಡೆಗೆ ಇಳಿಯಬೇಕು.

ಆದ್ದರಿಂದ ನಮ್ಮ ಬೇಡಿಕೆ: ಆ ಸಂಹಿತೆ ಪಾಲಿಸದ ದೊಡ್ಡ ಕಟ್ಟಡಕ್ಕೆ ಹೊಸೂರಿನಲ್ಲಿ ಅನುಮತಿ ಕೊಡಬೇಡಿ. ವರ್ಷಕ್ಕೆ ಎಷ್ಟು ಯೂನಿಟ್ ಸುಟ್ಟಿತೆಂದು ಪ್ರತಿ ಕಟ್ಟಡವೂ ಬಾಗಿಲಲ್ಲೇ ಬರೆದು ಹಾಕಲಿ. ಮೊದಲು ಸರ್ಕಾರಿ ಕಟ್ಟಡಗಳೇ ದಾರಿ ತೋರಲಿ.

ಬರುವ ಸೋಮವಾರ ಕೃಷ್ಣಗಿರಿ ಕಲೆಕ್ಟರ್ ಆಫೀಸಿನ ಕುಂದುಕೊರತೆ ಸಭೆಯಲ್ಲಿ ಅರ್ಜಿ ಕೊಡುತ್ತೇವೆ. ಬೆಳಿಗ್ಗೆ 8 ಗಂಟೆಗೆ ರಾಯಕೋಟೆ ಬಸ್ ಸ್ಟ್ಯಾಂಡಿಗೆ ಬನ್ನಿ. ಗಾರೆ ಮೇಸ್ತ್ರಿಗಳೂ ಎಲೆಕ್ಟ್ರಿಷಿಯನ್ನರೂ ತಪ್ಪದೆ ಬರಬೇಕು, ಕಟ್ಟಡದ ಒಳಗುಟ್ಟು ಬಲ್ಲವರು ನೀವು. ತಮಿಳು, ತೆಲುಗು ಮಾತಾಡುವ ನೆರೆಯವರನ್ನೂ ಕರೆತನ್ನಿ. ಅರ್ಜಿ ಮೂರು ಭಾಷೆಯಲ್ಲೂ ಸಿದ್ಧವಾಗಿದೆ.