ಫಾರೆಸ್ಟ್ ಅಂದ್ರೆ ಬರೀ ಕಾಡೇನಾ?

ಈ ಸಲದ ಪದ 'ಫಾರೆಸ್ಟ್'. ಇದರ ಅಕ್ಕಪಕ್ಕದ ಪದಗಳು ವುಡ್ಸ್, ಜಂಗಲ್. ಮೂರಕ್ಕೂ 'ಕಾಡು' ಅಂತಲೇ ಅರ್ಥ ಬರೆದು ಪಾಸಾದವರು ನಾವು. ಬಳಕೆಯಲ್ಲಿ ಮಾತ್ರ ಮೂರೂ ಬೇರೆ ಬೇರೆ.

ಹೊಲ, ಮನೆಗಳ ಪಕ್ಕ ಇರುವ, ನಡೆದು ಸುತ್ತಿ ಬರಬಹುದಾದಷ್ಟು ಮರಗಳಿದ್ದರೆ ವುಡ್ಸ್. ವಿಶಾಲವಾಗಿದ್ದರೆ ಫಾರೆಸ್ಟ್. ಬಿಸಿಲ ನಾಡಿನಲ್ಲಿ ದಾರಿ ಬಿಡದಂತೆ ಹೆಣೆದುಕೊಂಡಿದ್ದರೆ ಜಂಗಲ್. ತಮಾಷೆ ಅಂದ್ರೆ, ಜಂಗಲ್ ಇಲ್ಲಿಂದಲೇ ಹೋದ ಪದ. ಅದರ ಮೂಲ ಸಂಸ್ಕೃತದ 'ಜಾಂಗಲ', ಅಂದರೆ ನೀರು ಕಡಿಮೆ ಇರುವ ಒಣ ನೆಲ!

ಫಾರೆಸ್ಟ್ ಕಥೆ ಇನ್ನೂ ಸ್ವಾರಸ್ಯ. ಇದರ ಬೇರು ಲ್ಯಾಟಿನ್‌ನ 'ಫೋರಿಸ್', ಅಂದರೆ 'ಹೊರಗೆ'. 1066ರ ನಂತರ ಇಂಗ್ಲೆಂಡ್ ಆಳಿದ ನಾರ್ಮನ್ ರಾಜರು ತಮ್ಮ ಬೇಟೆಗೆ ಮೀಸಲಿಟ್ಟ ಜಾಗವನ್ನೆಲ್ಲ ಫಾರೆಸ್ಟ್ ಅಂದ್ರು. ಅದರೊಳಗೆ ಬಯಲೂ ಇತ್ತು, ಹಳ್ಳಿಗಳೂ ಇದ್ದವು. ಮರಕ್ಕಿಂತ ಕಾನೂನೇ ಆ ಪದದ ತಿರುಳು. 1217ರ 'ಚಾರ್ಟರ್ ಆಫ್ ದಿ ಫಾರೆಸ್ಟ್' ಬಂದ ಮೇಲೆ ಹಂದಿ ಮೇಯಿಸುವಂಥ ಕೆಲವು ಹಕ್ಕುಗಳು ಜನರಿಗೆ ಸಿಕ್ಕವು.

ಆ ಹಳೇ ಅರ್ಥ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಸೌದೆಗೆ ಹೊರಟವರು "ಕಾಡ್ಗ ಹೋಯ್ತೀನಿ" ಅಂತಾರೆ, ಫಾರೆಸ್ಟ್‌ಗೆ ಅನ್ನಲ್ಲ. "ಫಾರೆಸ್ಟ್‌ನೋರು ಬಂದವ್ರ" ಅಂದ್ರೆ ಇಲಾಖೆಯವರು ಬಂದಿದ್ದಾರೆ ಅಂತ. "ಅದು ಫಾರೆಸ್ಟ್ ಜಾಗ" ಅಂದ್ರೆ ಒಂದು ಮರ ಇಲ್ಲದಿದ್ದರೂ ಅಲ್ಲಿ ಉಳುವ ಹಾಗಿಲ್ಲ ಅಂತ. ಕನ್ನಡದಲ್ಲಿ ಈ ಅರ್ಥ ಹೊತ್ತಿರೋದು 'ಅರಣ್ಯ'. ಅರಣ್ಯ ಇಲಾಖೆ ಅಂತೀವಿ, ಕಾಡು ಇಲಾಖೆ ಅಂತ ಯಾರೂ ಅನ್ನಲ್ಲ.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಈ ವ್ಯತ್ಯಾಸ ಹೊಟ್ಟೆಪಾಡಿನ ಪ್ರಶ್ನೆ. ಅವರು ತಲೆಮಾರುಗಳಿಂದ ಜೇನು, ನೆಲ್ಲಿಕಾಯಿ ತಂದ ಕಾಡು 1974ರಲ್ಲಿ ವನ್ಯಜೀವಿಧಾಮವಾಯ್ತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯ್ತು. ಅದೇ 2011ರಲ್ಲಿ ಅವರ ಗ್ರಾಮಸಭೆಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಪತ್ರವೂ ಸಿಕ್ಕಿತು. ತಮ್ಮದೇ ಕಾಡಿನಲ್ಲಿ ಜೇನು ಕೀಳೋಕೆ 'ಅರಣ್ಯ'ದ ಕಾಗದ ಬೇಕಾಯ್ತು.

ಟ್ರೆಕ್ಕಿಂಗ್ ಫೋಟೋದ ಕ್ಯಾಪ್ಷನ್‌ಗೆ ಫಾರೆಸ್ಟ್, ಜಂಗಲ್ ಯಾವುದಾದರೂ ನಡೆಯುತ್ತೆ. ಆದರೆ 'ಫಾರೆಸ್ಟ್ ಲ್ಯಾಂಡ್ ಒತ್ತುವರಿ' ಅನ್ನೋ ಸುದ್ದಿ ಓದಿದಾಗ ಒಂದು ನಿಮಿಷ ನಿಲ್ಲಿ. ಆ ನೆಲವನ್ನು ಫಾರೆಸ್ಟ್ ಅಂತ ಬರೆಯೋ ಮುಂಚೆ ಅಲ್ಲಿ ಯಾರಿದ್ದರು ಅಂತಲೂ ಕೇಳಿ.