ಕಡಲು ದಾಟಿ ಬಂದ ಆಲೂಗಡ್ಡೆ

2022ರ ಜನವರಿಯಲ್ಲಿ ಕೆನ್ಯಾದ ಕೆಎಫ್‌ಸಿ ಅಂಗಡಿಗಳಲ್ಲಿ ಚಿಪ್ಸ್, ಅಂದರೆ ನಾವು ಫ್ರೆಂಚ್ ಫ್ರೈಸ್ ಎನ್ನುವುದು, ಖಾಲಿಯಾಯಿತು. ಕೋವಿಡ್ ದೆಸೆಯಿಂದ ಸಾಗಣೆ ತಡವಾಗಿದೆ, ಆಲೂಗಡ್ಡೆ ಬಂದಿಲ್ಲ, ಸದ್ಯಕ್ಕೆ ಚಿಪ್ಸ್ ಬದಲು ಬನ್ನೋ ಉಗಾಲಿಯೋ ತೆಗೆದುಕೊಳ್ಳಿ ಎಂದಿತು ಕಂಪನಿ. ಉಗಾಲಿ ಎಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಮನೆಯಲ್ಲಿ ದಿನವೂ ಉಣ್ಣುವ ಮುದ್ದೆಗಾಗಿ ಮಾಲ್ ಮೆಟ್ಟಿಲು ಹತ್ತುವವರು ಯಾರು? ಆದರೂ ಜನ ಅದನ್ನು ನಕ್ಕು ಬಿಡುತ್ತಿದ್ದರೇನೋ. ಅವರನ್ನು ಕೆರಳಿಸಿದ್ದು ಇನ್ನೊಂದು ಸಂಗತಿ: ಇಷ್ಟು ದಿನ ತಾವು ತಿಂದ ಆಲೂಗಡ್ಡೆ ಹೊರದೇಶದ್ದಂತೆ!

ಕೆನ್ಯಾದಲ್ಲಿ ಮೆಕ್ಕೆಜೋಳ ಬಿಟ್ಟರೆ ಆಹಾರ ಬೆಳೆಗಳಲ್ಲಿ ಆಲೂಗಡ್ಡೆಯದೇ ನಂತರದ ಸ್ಥಾನ. ನ್ಯಾಂಡರುವಾ, ಮೇರು, ನಕುರುವಿನ ತಂಪು ಗುಡ್ಡಗಳಲ್ಲಿ ಸಣ್ಣ ಹಿಡುವಳಿಯ ಲಕ್ಷಾಂತರ ರೈತರು ಅದನ್ನೇ ನಂಬಿದ್ದಾರೆ. ನೈರೋಬಿಯ ಬೀದಿಬದಿಯ ಬಾಣಲೆಗಳಲ್ಲಿ ಬೇಯುವುದೂ ಅದೇ. ಟೊಮ್ಯಾಟೊ, ಖಾರ ಹಾಕಿ ಹೊರಳಿಸಿದ ಚಿಪ್ಸ್ ಮಸಾಲಾಕ್ಕಂತೂ ಅಲ್ಲಿನ ಭಾರತೀಯ ಮೂಲದವರ ಕೈರುಚಿ ತಾಗಿದೆ. ಇಂಥ ಊರಿಗೆ 2011ರಲ್ಲಿ ಬಂದ ಕಂಪನಿ, ಹತ್ತು ವರ್ಷ ಕಳೆದ ಮೇಲೂ, ಕೋಳಿಯನ್ನು ಅಲ್ಲೇ ಕೊಂಡು ಗಡ್ಡೆಯನ್ನು ಮಾತ್ರ ಹೊರಗಿನಿಂದ ತರಿಸುತ್ತಿತ್ತು. ಟ್ವಿಟರಿನಲ್ಲಿ ಬಹಿಷ್ಕಾರದ ಕೂಗೆದ್ದಿತು.

ಪೂರೈಕೆದಾರರು ನಮ್ಮ ಜಾಗತಿಕ ಗುಣಮಟ್ಟದ ಪರೀಕ್ಷೆಯಲ್ಲಿ ಪಾಸಾಗಬೇಕು ಎಂಬುದು ಕಂಪನಿಯ ಉತ್ತರ. ಇದನ್ನು ಬರೀ ಸಬೂಬು ಎಂದು ತಳ್ಳಿಹಾಕಲಾರೆ. ಅಲ್ಲಿನ ರೈತರ ಅಚ್ಚುಮೆಚ್ಚಿನ ತಳಿ ಶಾಂಗಿ. ಬೇಗ ಬೆಳೆಯುತ್ತದೆ, ಬೇಗ ಬೇಯುತ್ತದೆ, ಅಗೆದ ಕೆಲವೇ ವಾರಗಳಲ್ಲಿ ಮೊಳಕೆಯೂ ಒಡೆಯುತ್ತದೆ. ಶೈತ್ಯಾಗಾರವಿಲ್ಲದ ರೈತ ಎಷ್ಟು ದಿನ ಕಾದಾನು? ದಲ್ಲಾಳಿ ಹೇಳಿದ ಬೆಲೆಗೆ ಒಪ್ಪುತ್ತಾನೆ. ಆ ದಲ್ಲಾಳಿಯ ಚೀಲವನ್ನು ನೋಡಬೇಕು. ಬಾಯಿಯ ಮೇಲೆ ಇನ್ನೊಂದು ತುಂಡು ಹೊಲಿದು, ತಲೆಗೆ ರುಮಾಲು ಸುತ್ತಿದಂತೆ ಎತ್ತರಿಸಿ, ನೂರು ಕಿಲೋ ದಾಟಿಸಿ, ಒಂದೇ ಚೀಲದ ದುಡ್ಡು ಕೊಡುವುದು ಅಲ್ಲಿನ ಹಳೆಯ ಚಾಳಿ. ಚೀಲ 50 ಕಿಲೋ ಮೀರಬಾರದೆಂದು 2019ರಲ್ಲಿ ನಿಯಮ ಬಂದರೂ ಪೂರ್ತಿ ನಿಂತಿಲ್ಲ. ವಿದೇಶಿ ಕಂಪನಿ ಕಾಲಿಡುವ ಮೊದಲೇ ರೈತನನ್ನು ಸುಲಿಯುತ್ತಿದ್ದವರು ಸ್ವದೇಶಿಗಳೇ. ಬಹಿಷ್ಕಾರದ ಗದ್ದಲದಲ್ಲಿ ಈ ಮಾತು ಅಷ್ಟಾಗಿ ಕೇಳಲಿಲ್ಲ.

ಇದೇ ಕೆಎಫ್‌ಸಿ 1995ರಲ್ಲಿ ಬೆಂಗಳೂರಿಗೆ ಬಂದಾಗ ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘ ‘ನೀವು ಬರಲೇಬೇಡಿ’ ಎಂದಿತ್ತು. ಮರುವರ್ಷ ಮಳಿಗೆಯ ಗಾಜೂ ಒಡೆದಿತ್ತು. ಕೆನ್ಯಾದವರದು ಬೇರೆ ತಕರಾರು. ಕೋಳಿ ನಮಗೂ ಇಷ್ಟ, ಕ್ಯೂ ನಿಲ್ಲುತ್ತೇವೆ, ಆದರೆ ಗಡ್ಡೆ ನಮ್ಮಲ್ಲೇ ಕೊಳ್ಳಿ ಎಂಬುದು ಅವರ ಪಟ್ಟು. ನನಗೆ ಇದು ಹೆಚ್ಚು ಲೆಕ್ಕಾಚಾರದ ಸಿಟ್ಟಾಗಿ ಕಾಣುತ್ತದೆ. ಗಾಜು ಒಡೆದರೆ ವಿಮೆ ಇದೆ, ಖರೀದಿ ಪಟ್ಟಿ ಬದಲಿಸೆಂದರೆ ಕಂಪನಿ ತಡಬಡಾಯಿಸುತ್ತದೆ. ತಡಬಡಾಯಿಸಿತು ಕೂಡ, ಸ್ಥಳೀಯ ಪೂರೈಕೆದಾರರ ಜತೆ ಮಾತಾಡುತ್ತೇವೆ ಎಂದಿತು.

ಅನುಮಾನವಿರುವುದು ಇಲ್ಲಿಯೇ. ಕಂಪನಿಗೆ ಬೇಕಾದದ್ದು ಒಂದೇ ಗಾತ್ರದ, ಸಕ್ಕರೆ ಅಂಶ ಕಡಿಮೆಯಿರುವ, ವರ್ಷವಿಡೀ ಸಿಗುವ ಗಡ್ಡೆ. ಅದಕ್ಕೆ ಪ್ರಮಾಣಿತ ಬಿತ್ತನೆ ಬೇಕು, ಶೈತ್ಯಾಗಾರ ಬೇಕು, ಕತ್ತರಿಸಿ ಹೆಪ್ಪುಗಟ್ಟಿಸುವ ಘಟಕ ಬೇಕು. ಅರ್ಧ ಎಕರೆಯಲ್ಲಿ ಶಾಂಗಿ ಬೆಳೆಯುವವರ ಹತ್ತಿರ ಇವು ಯಾವುವೂ ಇಲ್ಲ. ಸಹಕಾರ ಸಂಘ ಕಟ್ಟಿ ಅಲ್ಲಿನ ಕೌಂಟಿ (ಜಿಲ್ಲಾ) ಸರ್ಕಾರಗಳು ಇದನ್ನೆಲ್ಲ ಒದಗಿಸದಿದ್ದರೆ, ‘ಸ್ಥಳೀಯ’ ಎಂಬ ಹೆಸರಿನಲ್ಲಿ ಒಪ್ಪಂದಕ್ಕೆ ಸಹಿ ಹಾಕುವವರು ನೂರಾರು ಎಕರೆಯ ಧಣಿಗಳೇ ಆಗಿರುತ್ತಾರೆ.